ಸ್ಪ್ರಿಂಗ್ ಡಬ್ಬಿ ಮರೆತ ದಿನ

ಹೊಟ್ಟೆಕಿಚ್ಚು ಅಂದರೆ ಏನೆಂದು ನನ್ನನ್ನು ಕೇಳಿ. ಬೈಲಹೊಂಗಲದಲ್ಲಿ ನನ್ನದೊಂದು ಟ್ರ್ಯಾಕ್ಟರ್ ಗ್ಯಾರೇಜು. ಭಾನುವಾರ ಶಟರ್ ಅರ್ಧ ಇಳಿಸಿ ನಾನು ಗಿಟಾರ್, ನನ್ನ ಗೆಳೆಯನೊಬ್ಬ ಡ್ರಮ್ ಬಾರಿಸುತ್ತಿದ್ದೆವು. ಹಾಡಿಲ್ಲ, ಮಾತಿಲ್ಲ, ಬರೀ ವಾದ್ಯ: ಕಡಲ ತೆರೆಯ ಮೇಲೆ ಹಲಗೆ ಓಡಿಸುವವರ ನಾಡಿನಲ್ಲಿ ಹುಟ್ಟಿದ ಸರ್ಫ್ ಸಂಗೀತ. ಮೊಬೈಲ್‌ನಲ್ಲಿ ಕೇಳಿ ಕೇಳಿ ಕಲಿತದ್ದು. ಸಮುದ್ರ ನೋಡಿದವನು ನಾನೊಬ್ಬನೇ, ಒಮ್ಮೆ ಗೋವಾದಲ್ಲಿ. ಆ ಜಂಬವೂ ಇತ್ತೆನ್ನಿ.

ಆ ಸಂಗೀತಕ್ಕೆ ನೀರಿನೊಳಗಿಂದ ಬಂದಂಥ ಗುಂಗು ಬೇಕು. ಅದಕ್ಕೆಂದು ತಗಡಿನ ಡಬ್ಬಿಯಲ್ಲಿ ತೆಳು ಸ್ಪ್ರಿಂಗುಗಳನ್ನು ಎಳೆದು ಕಟ್ಟಿ, ಗಿಟಾರಿನ ದನಿ ಅದರೊಳಗೆ ಹಾಯ್ದು ಬರುವಂತೆ ನಾನೇ ಮಾಡಿದ್ದೆ. ಡಬ್ಬಿ ಅಲುಗಿದರೆ ಸಾಕು, ಝೊಂಯ್ ಅನ್ನುತ್ತಿತ್ತು. ಒಯ್ಯುವಾಗ ಟವೆಲ್ ಸುತ್ತಬೇಕು.

ಆಮೇಲೆ ಸವದತ್ತಿಯವನೊಬ್ಬ ನಮ್ಮ ಜೊತೆ ಸೇರಿದ. ಮೋಟಾರ್ ವೈಂಡಿಂಗ್ ಮಾಡುವವನು, ಅಜ್ಜಿಯಿಂದ ಚೌಡಿಕೆ ಕಲಿತವನು. ಚೌಡಿಕೆಗೆ ಇರುವುದು ಒಂದೇ ತಂತಿ. ಗಿಟಾರ್ ಕೈಗಿತ್ತರೆ ಐದು ತಂತಿ ಬಿಟ್ಟು ಒಂದರ ಮೇಲೇ ಓಡಾಡಿದ. ಅಬ್ಬಬ್ಬಾ, ತೆರೆಯ ಮೇಲೆ ತೆರೆ! ನಾನು ವರ್ಷಗಟ್ಟಲೆ ಬೆರಳು ಸವೆಸಿದ್ದೆ.

“ಒಂದಽ ತಂತಿ ಮ್ಯಾಲ ಬಾರಿಸೂದು ಏನ್ ದೊಡ್ಡದಲೇ?” ಎಂದೆ ಡ್ರಮ್ಮಿನ ಗೆಳೆಯನಿಗೆ.

“ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕ ಅಂದ್ಲಂತ. ಕಿತ್ತೂರಾಗ ಮುಂದ ನಿಂತು ಅವನಽ ಬಾರಿಸ್ಲಿ,” ಎಂದ ಅವನು. ನನ್ನ ಗ್ಯಾರೇಜಿನಲ್ಲಿ, ನನ್ನ ಚಹಾ ಕುಡಿದು!

ಕಿತ್ತೂರಿನದು ಒಂದು ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ; ಬಾರಿಸಲು ನಮ್ಮನ್ನು ಕರೆದಿದ್ದರು. ಅವರಿಬ್ಬರೂ ಕೆಲಸ ಮುಗಿಸಿ ಬಸ್ಸಿಗೆ ಬಂದರು. ಸಾಮಾನು ಹೇರಿಕೊಂಡು ನಾನೊಬ್ಬನೇ ಗಾಡಿಯಲ್ಲಿ ಮೊದಲೇ ಹೋದೆ. ಇಳಿಸುವಾಗ ಡಬ್ಬಿಯನ್ನು ಸೀಟಿನ ಕೆಳಗೆ ಸರಿಸಿ, ಅವರು ಬಂದ ಮೇಲೆ “ಡಬ್ಬಿ ಗ್ಯಾರೇಜಿನಾಗಽ ಮರತ ಬಂದೇನಿ,” ಎಂದೆ. ಸವದತ್ತಿಯವ ಗುಂಗಿಲ್ಲದ ಒಣ ದನಿಯಲ್ಲಿ ಬಾರಿಸಲಿ, ಮಂದಿ ನಗಲಿ, ಮುಂದೆ ನಿಲ್ಲುವ ಜಾಗ ನನಗೆ ತಿರುಗಿ ಬರಲಿ. ಹೌದು, ಅದೇ ನನ್ನ ಆಸೆ.

ಅವನು ಗಾಬರಿಯಾಗಲಿಲ್ಲ. ವೇದಿಕೆಯ ಹಿಂದಿದ್ದ ಖಾಲಿ ನೀರಿನ ಬ್ಯಾರಲ್ ಉರುಳಿಸಿ ತಂದ. ಗಿಟಾರಿನ ದನಿ ಒಳಗೆ ಗುಂಗುಟ್ಟಿ ಬರಲೆಂದು ಅದರ ಬಾಯಿಗೆ ಸ್ಪೀಕರ್ ಮುಖಮಾಡಿ ಇಟ್ಟು, ಒಳಗೊಂದು ಮೈಕ್ ಇಳಿಬಿಟ್ಟ. “ಚೌಡಕಿನೂ ಒಳಗ ಪೊಳ್ಳಽ ಇರತೈತಲ್ರಿ, ಅಣ್ಣಾರ,” ಎಂದು ನಕ್ಕ.

ಸಮುದ್ರ ನೋಡಿದವನು ನಾನು, ತೆರೆ ಬಂದದ್ದು ಅವನ ಕೈಯಿಂದ. ಹುಡುಗರು ಕುರ್ಚಿ ಹತ್ತಿ ಕುಣಿದರು. ನಾನು ಹಿಂದೆ ನಿಂತು ಇನ್ನೊಂದು ಗಿಟಾರ್ ಬಾರಿಸುತ್ತ ಬೆವೆತುಹೋದೆ. ಗಾಡಿಗೆ ಬಂದವನೇ ಸೀಟಿನ ಕೆಳಗೆ ಕೈಹಾಕಿ, ಸಿಕ್ಕ ಟವೆಲ್ ಎಳೆದು ಮುಖ ಒರೆಸಿಕೊಂಡೆ. ಅದು ಯಾವ ಟವೆಲ್ ಎಂಬ ಎಚ್ಚರವೂ ಇರಲಿಲ್ಲ.

ಸಂಜೆ ಮೂವರೂ ಅದೇ ಗಾಡಿಯಲ್ಲಿ ಹೊರಟೆವು. “ನಿಮ್ಮ ಡಬ್ಬಿ ಇದ್ದಿದ್ರ ಇನ್ನೂ ಚಲೋ ಆಗತಿತ್ರಿ,” ಎಂದ ಅವನು, ಪಕ್ಕದ ಸೀಟಿನಿಂದ. ಅಷ್ಟರಲ್ಲಿ ರಸ್ತೆಯ ಹಂಪ್ ಬಂತು. ಗಾಡಿ ಎಗರಿತು. ಸೀಟಿನ ಕೆಳಗಿಂದ ಝೊಂಯ್!

ಗೆಳೆಯ ಕಿಟಕಿಯ ಕಡೆ ಮುಖ ತಿರುಗಿಸಿದ. ಸವದತ್ತಿಯವ ಬಗ್ಗಿ ಡಬ್ಬಿ ತೆಗೆದು, ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡ.

“ಸಾವಕಾಶ ಹೊಡೀರಿ ಅಣ್ಣಾರ, ಸ್ಪ್ರಿಂಗ್ ಕಳಚ್ಯಾವು,” ಎಂದ, ಅಷ್ಟೇ.

ಬೈಲಹೊಂಗಲದ ತನಕ ಇನ್ನೆಷ್ಟೋ ಹಂಪ್ ಬಂದವು. ಅವನ ಕೈಯಲ್ಲಿ ಡಬ್ಬಿ ಒಮ್ಮೆಯೂ ಸದ್ದು ಮಾಡಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.