ಗುರುವಾರದ ಫೋನು

ಅಂದು ರಾಗಿಹಿಟ್ಟು ಜರಡಿ ಹಿಡಿದೆ, ಹೊದಿಕೆ ಒಗೆದೆ, ಗ್ಯಾಸ್ ಸಿಲಿಂಡರ್ ಇಳಿಸಿಕೊಂಡೆ, ದೊಡ್ಡವ್ವನ ಫೋನಿಗೆ ಕಾವಲು ಕೂತೆ. ಮದ್ದೂರಿನಲ್ಲಿದ್ದಾಗ ಪ್ರತಿ ಗುರುವಾರದ ಕೆಲಸ ಆ ಕಾವಲು.

ದೊಡ್ಡವ್ವ ಎದುರುಮನೆಯವರು. ಸಕ್ಕರೆ ಕಾಯಿಲೆ. ಎಲ್ಲಾದರೂ ತಲೆಸುತ್ತಿ ಬಿದ್ದರೆ ಗೊತ್ತಾಗಲಿ ಎಂದು, ಅವರಿರುವ ಜಾಗ ಮಂಡ್ಯದ ಆಫೀಸಿನಿಂದಲೇ ತನಗೆ ಕಾಣುವಂತೆ ಮಗ ಫೋನಿನಲ್ಲಿ ಮಾಡಿಟ್ಟಿದ್ದ. ಗುರುವಾರ ಅವರು ಹೋಗುತ್ತಿದ್ದುದು ಹೊಳಲು ಎಂಬ ಹಳ್ಳಿಗೆ, ತಂಗಿಯ ಮನೆಗೆ. ಹೊಲದ ಬದುವಿನ ಜಗಳವಾದ ಮೇಲೆ ಆ ಹೊಸಿಲು ತುಳಿಯಬೇಡ ಎಂದು ಮಗ ಹೇಳಿದ್ದ. ಅದಕ್ಕೇ ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಡುತ್ತಿದ್ದರು.

“ಇದು ಇಲ್ಲೇ ಇರ್ಲಿ ಕಣವ್ವ. ನಾನೆಲ್ಲೂ ಓಗಿಲ್ಲ.”

ಅಂದು ಮಗ ಫೋನು ಮಾಡಿದ. “ಸ್ನಾನಕ್ಕೋಗವ್ರೆ” ಎಂದೆ. ಗಂಟೆ ಬಿಟ್ಟು ಮತ್ತೆ ಮಾಡಿದ.

“ಇನ್ನೂವಾ? ಇಷ್ಟೊತ್ತು ನೀರಲ್ಲಿರಕ್ಕೆ ನಮ್ಮವ್ವ ಏನ್ ಎಮ್ಮೇನಕ್ಕಾ?”

ನಗು ಬರಲಿಲ್ಲ. ಅವರು ವಾಪಸು ಬರುವ ನಾಲ್ಕರ ಬಸ್ಸು ಬಂದು ಹೋಗಿತ್ತು, ದೊಡ್ಡವ್ವ ಬಂದಿರಲಿಲ್ಲ. ಎಲ್ಲಿದ್ದೀರಿ ಎಂದು ಕೇಳೋಣವೆಂದರೆ ಅವರ ಫೋನು ನನ್ನ ಕೈಯಲ್ಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಾಗಿ ಕೂತಿದ್ದವರಿಗೆ ಯಾರೋ ಬಾಳೆಹಣ್ಣು ತಿನ್ನಿಸಿದ್ದರಂತೆ. ನಾನು ಬಯ್ಯುವ ಮೊದಲೇ ಫೋನು ಕಿತ್ತುಕೊಂಡು ಮಗನಿಗೆ ಮಾಡಿದರು.

“ಲೇ, ನಿಮ್ ಚಿಕ್ಕವ್ವನ ಮನೆಗೋಗಿದ್ದೆ ಕಣ್ಲಾ. ಮುಂದಿನ್ ವಾರ ಫೋನೂ ತಕ್ಕೊಂಡೋಯ್ತೀನಿ. ನೋಡ್ಕೊಂಡ್ ಕೂತಿರು.”

ತಂಗಿ ಕೊಟ್ಟು ಕಳಿಸಿದ್ದ ಅವರೆಕಾಯಿಯ ಸಾರಿನಲ್ಲಿ ಮುದ್ದೆ ಉಂಡೆವು. ಮಗ ಬಂದಾಗ ದೊಡ್ಡವ್ವ ನಮ್ಮ ಚಾಪೆಯ ಮೇಲೆ ಆಗಲೇ ನಿದ್ದೆ ಹೋಗಿದ್ದರು. ಅವನು ಎಬ್ಬಿಸಲಿಲ್ಲ. ಅವರೆಕಾಯಿ ಎಲ್ಲಿಯದೆಂದೂ ಕೇಳದೆ ಎರಡು ಸಲ ಸಾರು ಹಾಕಿಸಿಕೊಂಡ.