ಕನ್ನಡಕದ ಡಬ್ಬಿಯಲ್ಲಿ ಏಳು ತುಂಡು ಶುಂಠಿ

ದೆವ್ವ ನೋಡಿದೆ, ಸತ್ತವರು ಬಂದಿದ್ದರು ಎನ್ನುವವರನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ತಾತ್ಸಾರ. ನಮ್ಮ ಮನೆಯಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ಊಟವಾಗಿ ಎಲೆಯಡಿಕೆಯ ಕವಳ ಹಾಕುತ್ತ ಕುಳಿತರೆ ದೊಡ್ಡಪ್ಪ ಒಂದು ಹೇಳುವುದು, ಅತ್ತೆ ಅದಕ್ಕೆ ಮೇಲೊಂದು ಸೇರಿಸುವುದು. ನಾನು ಮಾತ್ರ, "ನೋಡಿದವರ ಹೆಸರು ಹೇಳಿ, ಊರು ಹೇಳಿ, ಖುದ್ದು ಆನೇ ಹೋಗಿ ಕೇಳ್ತೆ" ಎಂದು ಅಡ್ಡಬಾಯಿ ಹಾಕುತ್ತಿದ್ದೆ. ಹೆಸರು ಸಿಕ್ಕರೆ ಊರು ಸಿಗುತ್ತಿರಲಿಲ್ಲ. ಊರು ಸಿಕ್ಕರೆ ಆ ಮನುಷ್ಯ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತಿತ್ತು. ಸಿದ್ದಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದ ಮೇಲಂತೂ ನನ್ನ ಹುರುಪು ಇನ್ನೂ ಹೆಚ್ಚಿತು. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಬಹುದು, ನಾನಾಗಿದ್ದರೂ ನಗುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದಸರಾ ರಜೆ ಬಿಟ್ಟಿತ್ತು. ಸಿರ್ಸಿ ಕಡೆಯ ಒಂದು ಸಣ್ಣ ಚರ್ಚಿನ ಪಾದ್ರಿಯವರು ನಮ್ಮ ಹೆಡ್‌ಮಾಸ್ತರರ ಮೂಲಕ ಹೇಳಿ ಕಳಿಸಿದರು. ಕೆನಡಾ ದೇಶದ ಒಂದು ಹಳ್ಳಿಯ ಚರ್ಚಿನಿಂದ ಒಂಬತ್ತು ಜನ ಸ್ವಂತ ಖರ್ಚಿನಲ್ಲಿ ಬರುತ್ತಿದ್ದಾರೆ, ಒಂದು ವಾರ ಹಳ್ಳಿಗಳಲ್ಲಿ ಔಷಧಿ ಕೊಟ್ಟು ಹೋಗುತ್ತಾರೆ, ಅವರ ಮಾತನ್ನು ಜನರಿಗೆ, ಜನರ ಮಾತನ್ನು ಅವರಿಗೆ ದಾಟಿಸಲು ಒಬ್ಬರು ಬೇಕು ಎಂದು. ಮೂರು ದಿನ ತ್ಯಾಗಲಿಯ ಶಾಲೆಯಲ್ಲಿ, ಆಮೇಲೆ ಎರಡು ದಿನ ಯಲ್ಲಾಪುರದಾಚೆ ಮಾಗೋಡಿನಲ್ಲಿ ಶಿಬಿರ. "ಮಾತ್ರೆ ಕೊಟ್ಟು ಮತಕ್ಕೆ ಸೇರಿಸ್ತ, ಹುಷಾರು" ಎಂದು ನಮ್ಮ ದೊಡ್ಡಪ್ಪ ಹೆದರಿಸಿದ. ನನ್ನನ್ನು ಯಾವುದಕ್ಕೂ ಸೇರಿಸುವುದು ಅಷ್ಟು ಸುಲಭವಲ್ಲ ಎಂದು ಹೇಳಿ ಹೊರಟೆ.

ಬಂದವರಲ್ಲಿ ಡಾಕ್ಟರು ಇಬ್ಬರೇ. ಉಳಿದವರು ನಮ್ಮ ನಿಮ್ಮಂಥವರು. ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬ ಆನೆಯಂಥ ಆಸಾಮಿ ಇಲ್ಲಿ ಮಕ್ಕಳ ಬೆಂಚಿನ ಮೇಲೆ ಕುಳಿತು ಮಾತ್ರೆಗಳನ್ನು ಹತ್ತುಹತ್ತು ಎಣಿಸಿ ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಿದ್ದ. ಹೆಂಗಸರು ಇಬ್ಬರು. ಒಬ್ಬಳು ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಇನ್ನೊಬ್ಬಳು ಹೆಲೆನ್, ಐವತ್ತರ ಆಸುಪಾಸಿನ ನರ್ಸು. ಅವಳ ಪಾಲಿಗೆ ಬಂದದ್ದು ಕನ್ನಡಕದ ಕೆಲಸ. ಅವರ ಊರಿನವರು ಬಳಸಿ ಬಿಟ್ಟ ಹಳೆಯ ಕನ್ನಡಕಗಳನ್ನು ಚರ್ಚಿನಲ್ಲಿ ಕೂಡಿಹಾಕಿ, ತೊಳೆದು, ನಂಬರಿನ ಚೀಟಿ ಅಂಟಿಸಿ, ಬೂಟಿನ ರಟ್ಟಿನ ಪೆಟ್ಟಿಗೆಗಳಲ್ಲಿ ತಂದಿದ್ದರು. ಹೆಲೆನ್ ಒಂದೊಂದಾಗಿ ಮೂಗಿನ ಮೇಲೆ ಇಟ್ಟು ನೋಡುವುದು, ನಾನು "ಕಾಣ್ತಾ?" ಎಂದು ಕೇಳುವುದು. ನಾವಿಬ್ಬರೂ ಸಿದ್ದಾಪುರದಲ್ಲಿ ಒಂದೇ ಕೋಣೆಯಲ್ಲಿ ಇಳಿದುಕೊಂಡಿದ್ದೆವು. ಮಾತು ಕಡಿಮೆ, ಒಳ್ಳೆಯ ಹೆಂಗಸು. ಬೆಳಿಗ್ಗೆ ವ್ಯಾನಿನಲ್ಲಿ ತ್ಯಾಗಲಿಗೆ ಹೊರಟರೆ ಯಾರನ್ನೂ ಕೇಳದೆ ಡ್ರೈವರನ ಪಕ್ಕ ಹೋಗಿ ಕೂರುತ್ತಿದ್ದಳು. ಹಿರಿಯಳೆಂಬ ಗತ್ತಿರಬೇಕು ಎಂದುಕೊಂಡಿದ್ದೆ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಕಡೆಯ ಹಿರಿಯರಿಗೆ ಮೊಣಕಾಲು ನೋವು ಹೇಳಬೇಕಾದರೆ ಮಗಳ ಮದುವೆಯಿಂದ ಶುರುಮಾಡಬೇಕು. ನಾನು ಎಲ್ಲ ಕೇಳಿಸಿಕೊಂಡು ಡಾಕ್ಟರಿಗೆ "ಮೊಣಕಾಲು ನೋವು, ಎರಡು ವರ್ಷದಿಂದ" ಎಂದಷ್ಟೇ ದಾಟಿಸುತ್ತಿದ್ದೆ. ಸಾಲು ಬೇಗ ಸಾಗುತ್ತಿತ್ತು, ಡಾಕ್ಟರರು ಹೊಗಳುತ್ತಿದ್ದರು. ಹತ್ತು ಮಾತನ್ನು ಒಂದು ಮಾಡುವುದೇ ಜಾಣತನ ಎಂದು ನಾನು ಬೀಗುತ್ತಿದ್ದೆ.

ಎರಡನೆಯ ದಿನ ಒಂದು ತಮಾಷೆ ನಡೆಯಿತು. ಹಿಂದಿನ ದಿನ ಔಷಧಿ ಒಯ್ದವರಲ್ಲಿ ನಾಲ್ಕೈದು ಜನ ಆ ಪ್ಲಾಸ್ಟಿಕ್ ಡಬ್ಬಿಗಳನ್ನು ತೊಳೆದು ವಾಪಸು ತಂದರು. ಮಾತ್ರೆಗಳನ್ನು ಮನೆಯಲ್ಲಿ ಕಾಗದಕ್ಕೆ ಸುರುವಿಕೊಂಡಿದ್ದರು. ಒಬ್ಬರ ಡಬ್ಬಿಯಲ್ಲಿ ಕಾಳುಮೆಣಸು, ಒಬ್ಬರದರಲ್ಲಿ ಏಲಕ್ಕಿ, ಇನ್ನೊಬ್ಬರದರಲ್ಲಿ ಒಂದು ಚೂರು ಬೆಲ್ಲ. ಟ್ರ್ಯಾಕ್ಟರಿನ ಆಸಾಮಿ ಕಕ್ಕಾಬಿಕ್ಕಿಯಾದ. ಯಾರಾದರೂ ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಆ ಪಾತ್ರೆ ಅವರದು, ಅದನ್ನು ತಿರುಗಿ ಕೊಡಬೇಕು, ಖಾಲಿ ಮಾತ್ರ ಕೊಡಬಾರದು, ಇದು ನಮ್ಮಲ್ಲಿ ಪದ್ಧತಿ ಎಂದು ನಾನು ವಿವರಿಸಿದೆ. ಅವರೆಲ್ಲ ಬಹಳ ಸಂತೋಷಪಟ್ಟರು.

ಮೂರನೆಯ ದಿನ ಮಧ್ಯಾಹ್ನ ಗೋದಜ್ಜಿ ಬಂದಳು. ಎಪ್ಪತ್ತೈದು ದಾಟಿದ ಮುದುಕಿ, ಅದೇ ಊರಿನವಳು. ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲವೆಂದು ಸೊಸೆ ಕೈಯಿಂದ ಮೊರ ಕಸಿದುಕೊಂಡಳಂತೆ. "ಮೊರ ಹೋದಮೇಲೆ ಎಂತ ಬಾಳು ತಂಗೀ" ಎಂದಳು. ಹೆಲೆನ್ ಹತ್ತು ಹನ್ನೆರಡು ಕನ್ನಡಕ ಇಟ್ಟು ನೋಡಿದಳು, ಒಂದೂ ಹೊಂದಲಿಲ್ಲ. ಅಜ್ಜಿಯ ಮುಖ ಸಣ್ಣದಾಯಿತು. ಹೆಲೆನ್ ತನ್ನ ಹೆಗಲ ಚೀಲದಿಂದ ಒಂದು ಡಬ್ಬಿ ತೆಗೆದಳು. ನೆಗ್ಗಿದ ತಗಡಿನ ಡಬ್ಬಿ, ಮುಚ್ಚಳದ ಮೇಲಿನ ಹೂವು ಅರ್ಧ ಅಳಿಸಿತ್ತು. ಒಳಗೆ ಕಂದು ಬಣ್ಣದ ದಪ್ಪ ಕನ್ನಡಕ. ಇಷ್ಟು ದಿನ ಇದನ್ನು ಯಾಕೆ ಬಚ್ಚಿಟ್ಟಿದ್ದಳೋ ಜಿಪುಣಿ ಎಂದುಕೊಂಡೆ. ಅದನ್ನು ಹಾಕಿದ ಕೂಡಲೇ ಅಜ್ಜಿ ತನ್ನ ಅಂಗೈ ನೋಡಿಕೊಂಡಳು, ನನ್ನ ಮುಖ ನೋಡಿದಳು. ಆಮೇಲೆ ಹೆಲೆನ್ನಳ ಹೆಗಲಾಚೆ ಗೋಡೆಯ ಕಡೆ ಬಹಳ ಹೊತ್ತು ನೋಡಿದಳು. ಒಮ್ಮೆ ತಲೆದೂಗಿದಳು, ನಕ್ಕಳು, ಬೆರಳು ಮಡಚಿ ಏನೋ ಎಣಿಸಿದಳು. ಗೋಡೆಗೆ ಭೂಪಟ ತೂಗುಹಾಕಿತ್ತು. ಅದನ್ನು ಓದುತ್ತಿದ್ದಾಳೆ ಎಂದುಕೊಂಡು ನಾನು ಮುಂದಿನವರನ್ನು ಕರೆದೆ.

ನಾಲ್ಕನೆಯ ದಿನ ಬೆಳಿಗ್ಗೆ ಶಾಲೆಯಲ್ಲಿದ್ದ ಸಾಮಾನುಗಳನ್ನು ವ್ಯಾನಿಗೆ ಏರಿಸಿ ಮಾಗೋಡಿಗೆ ಹೊರಡುವ ಗಡಿಬಿಡಿ. ಗೋದಜ್ಜಿ ಕನ್ನಡಕ ಏರಿಸಿಕೊಂಡು ಒಬ್ಬಳೇ ನಡೆದು ಬಂದಳು. ಕೈಯಲ್ಲಿ ಆ ತಗಡಿನ ಡಬ್ಬಿ.

"ಅಜ್ಜೀ, ಇದು ವಾಪಸ್ ಕೊಡದಲ್ಲ. ಡಬ್ಬಿನೂ ನಿಂಗಳದ್ದೇ" ಎಂದೆ.

"ಕನ್ನಡಕ ಯನ್ನದು, ಡಬ್ಬಿ ಅವರದ್ದು. ಖಾಲಿ ಕೊಡ್ಲಾಗ ಹೇಳಿ ಶುಂಠಿ ಹಾಕಿದ್ದಿ. ಆ ನರ್ಸಿಗೆ ಗಾಡೀಲಿ ಕೂತ್ರೆ ವಾಂತಿ ಬತ್ತಡ. ಏಳೇ ಇದ್ದು, ಹೆಚ್ಚಿಲ್ಲೆ. ಏಳು ಹೇಳೇ ಆ ಬಿಳೀ ಅಜ್ಜಿ ಬೆರಳು ತೋರ್ಸಿದ್ದು."

ವ್ಯಾನಿನವ ಹಾರ್ನ್ ಹೊಡೆಯುತ್ತಿದ್ದ. ಮುದುಕಿಯ ಹತ್ತು ಮಾತನ್ನು ನಾನು ನನ್ನ ಅಭ್ಯಾಸದಂತೆ ಒಂದು ಮಾಡಿದೆ. "ನಿನ್ನ ಡಬ್ಬಿ ತಿರುಗಿ ಕೊಟ್ಟಿದ್ದಾಳೆ, ನಮ್ಮ ಪದ್ಧತಿಯಂತೆ ಏನೋ ಹಾಕಿದ್ದಾಳೆ" ಎಂದು ಹೆಲೆನ್ನಳಿಗೆ ಹೇಳಿ ಪೆಟ್ಟಿಗೆಗೆ ಹಗ್ಗ ಬಿಗಿಯಲು ಹೋದೆ. ಅಜ್ಜಿ ಕೈಮುಗಿದು ಹೊರಟಳು.

ತಿರುಗಿ ನೋಡುವಷ್ಟರಲ್ಲಿ ಹೆಲೆನ್ ಶಾಲೆಯ ಜಗಲಿಯ ಮೇಲೆ ಕುಳಿತುಬಿಟ್ಟಿದ್ದಳು. ಡಬ್ಬಿ ತೊಡೆಯ ಮೇಲೆ ತೆರೆದಿತ್ತು. ಒಳಗೆ ಬೆಲ್ಲದಲ್ಲಿ ಕಾಸಿ ಒಣಗಿಸಿದ ಶುಂಠಿಯ ತುಂಡುಗಳು. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಒಂದೊಂದನ್ನೂ ಬೇರೆಬೇರೆ ಸುತ್ತಿ ಪೆಪ್ಪರಮಿಂಟಿನ ಹಾಗೆ ಎರಡೂ ತುದಿ ತಿರುಪಿತ್ತು. ಅವಳು ಎಣಿಸುತ್ತಿದ್ದಳು, ಅಳುತ್ತಿದ್ದಳು. ಆಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು.

ಅದು ಅವಳ ತಾಯಿಯ ಕನ್ನಡಕ. ಹೆಲೆನ್ನಳಿಗೆ ಚಿಕ್ಕಂದಿನಿಂದ ಗಾಡಿ ಹತ್ತಿದರೆ ವಾಂತಿ. ಮುಂದಿನ ಸೀಟಿನ ಗುಟ್ಟು ಅದು. ಎಲ್ಲಿಗೆ ಹೊರಟರೂ ತಾಯಿ ಸಕ್ಕರೆಪಾಕದ ಶುಂಠಿಯನ್ನು ಹೀಗೇ ಕಾಗದದಲ್ಲಿ ತಿರುಪಿ, ವಾರದ ದಿನಕ್ಕೊಂದರಂತೆ ಏಳು, ಕೋಟಿನ ಜೇಬಿಗೆ ಹಾಕಿ ಕಳಿಸುತ್ತಿದ್ದಳು. ಮಗಳಿಗೆ ನಲವತ್ತೆಂಟು ವರ್ಷವಾದರೂ ತಪ್ಪಿಸಿರಲಿಲ್ಲ. ಹಿಂದಿನ ವರ್ಷ ಹೆಲೆನ್ ಇಂಥದೇ ಸೇವೆಗೆ ಬೇರೊಂದು ದೇಶಕ್ಕೆ ಹೊರಟಾಗ ತಾಯಿ ಹಾಸಿಗೆ ಹಿಡಿದಿದ್ದಳು. ಈ ಸಲ ಹೋಗಬೇಡ ಎಂದಳು. ಮಾತಿಗೆ ಮಾತು ಬೆಳೆಯಿತು. ಕಂಡವರ ತಾಯಂದಿರ ಸೇವೆ ಮಾಡು ಹೋಗು ಎಂದು ತಾಯಿ ಗೋಡೆಯ ಕಡೆ ಹೊರಳಿದಳು. ಬಾಗಿಲು ದಾಟುವಾಗ ಹೆಲೆನ್ ಜೇಬು ಮುಟ್ಟಿ ನೋಡಿಕೊಂಡಳಂತೆ, ಅದೊಂದು ಸಲ ಶುಂಠಿ ಇರಲಿಲ್ಲ. ಹತ್ತನೆಯ ದಿನ ಸಾವಿನ ಸುದ್ದಿ ಬಂತು. ಆ ಖಾಲಿ ಜೇಬು ಒಂದು ವರ್ಷದಿಂದ ನನ್ನನ್ನು ತಿನ್ನುತ್ತಿದೆ ಎಂದಳು. ಈ ವಿಷಯ ತನ್ನ ತಂಡದ ಯಾರಿಗೂ ಹೇಳಿರಲಿಲ್ಲ.

ಅಜ್ಜಿ ಹೇಳಿದ್ದರಲ್ಲಿ ನಾನು ನುಂಗಿದ್ದೇನು ಎಂಬುದು ಆಗ ನೆನಪಾಯಿತು. ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ನಂಬದ ಮಾತನ್ನು ನೊಂದವಳ ಕಿವಿಗೆ ಹಾಕುವುದು ಸರಿಯೇ? ಆದರೆ ದಾಟಿಸಲು ಬಂದವಳು ನಾನು, ಆರಿಸಲು ಬಂದವಳಲ್ಲ. ಹೇಳಿದೆ. ಹೆಲೆನ್ ಬೆರಗಾಗಲಿಲ್ಲ. ಒಂದೇ ಒಂದು ಕೇಳಿದಳು. ಅಮ್ಮನ ಮುಖದಲ್ಲಿ ಸಿಟ್ಟಿತ್ತೇ, ಕೇಳಿ ಬರುತ್ತೀಯಾ?

ಓಡಿದೆ. ಗೋದಜ್ಜಿ ಗದ್ದೆಯ ಬದಿಗೆ ಬೇಲಿಯ ದಣಪೆ ದಾಟುತ್ತಿದ್ದಳು. ಏದುಸಿರಲ್ಲೇ ಕೇಳಿದೆ, ಯಾವ ಬಿಳಿ ಅಜ್ಜಿ, ಎಲ್ಲಿ ಕಂಡಳು ಎಂದು.

"ನಿನ್ನೆ ಆ ನರ್ಸಿನ ಬೆನ್ನಿಗೇ ನಿಂತ್ಕಂಡಿತ್ತಲೆ. ಮಾತಿಲ್ಲೆ, ಎಲ್ಲ ಕೈಸನ್ನೆ. ಹೊಟ್ಟೆ ಹಿಡ್ಕಂಡು ಓಕರಿಸದು, ಏಳು ಬೆರಳು, ಕಾಗದ ತಿರುಪದು ಹ್ಯಾಂಗೆ ಹೇಳಿ. ನಿಂಗ ಎಲ್ಲರೂ ಮೂರು ದಿನದಿಂದ ಕೈಸನ್ನೆ ಮಾಡಿದ್ದೂ ಹಾಂಗೇ ಅಲ್ದ?"

"ಕನ್ನಡಕ ಹಾಕದಕ್ಕೂ ಮೊದಲು ಕಂಡಿತ್ತ?"

"ಮೊದಲು ಯಂಗೆ ನೀನೇ ಕಾಣ್ತಿದ್ದಿಲ್ಲೆ, ಅದೆಲ್ಲಿ ಕಾಣವು!"

ಆ ಗಾಬರಿಯಲ್ಲೂ ನಗು ಬಂತು. ಆಮೇಲೆ ಹೆಲೆನ್ನಳ ಪ್ರಶ್ನೆ ಕೇಳಿದೆ. "ಅದರ ಮೋರೆ ಮೇಲೆ ಸಿಟ್ಟಿತ್ತಾ ಅಜ್ಜಿ?"

ಗೋದಜ್ಜಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಸಿಟ್ಟೆಂತಕ್ಕೆ? ಮಗಳಿಗೆ ದಾರೀಲಿ ತ್ರಾಸಾಗ್ತು ಹೇಳಿ ಚಿಂತೆ ಮಾಡೋ ಆಯಿಗೆ ಸಿಟ್ಟಿರ್ತನೇ ತಂಗಿ?"

ಅಷ್ಟನ್ನೂ ಒಂದು ಪದ ಬಿಡದೆ ಹೆಲೆನ್ನಳಿಗೆ ದಾಟಿಸಿದೆ. ಆ ವಾರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಅವಳು ಒಂದು ಕಾಗದ ಬಿಡಿಸಿ ಶುಂಠಿ ಬಾಯಿಗಿಟ್ಟುಕೊಂಡಳು. ಉಳಿದ ಆರನ್ನು ಡಬ್ಬಿ ಸಮೇತ ಜೇಬಿಗೆ ಹಾಕಿದಳು. ಆ ದಿನ ಅವಳು ಡ್ರೈವರನ ಪಕ್ಕ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಳು. ಪಕ್ಕದ ಕಿಟಕಿಯ ಸೀಟು ಖಾಲಿಯಿತ್ತು, ಆದರೂ ಚೀಲವನ್ನು ಮಾಗೋಡಿನ ತನಕ ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಅಷ್ಟೊಂದು ತಿರುವುಗಳಿದ್ದರೂ ಒಮ್ಮೆಯೂ ವಾಂತಿಯಾಗಲಿಲ್ಲ.

ಅವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಡ್ರೈವರನನ್ನು ಹಿಡಿದು ಕೇಳಿದೆ. ಹೆಲೆನ್ನಳಿಗೆ ವಾಂತಿಯಾಗುವುದು ಅವನಿಗೆ ಗೊತ್ತೇ ಇರಲಿಲ್ಲ. ವಾಂತಿಗೆ ಶುಂಠಿ ಕೊಡುವುದು ನಮ್ಮಲ್ಲೂ ಇದೆ, ಅದನ್ನು ಒಪ್ಪುತ್ತೇನೆ. ಏಳು ಎಂಬುದು ಕಾಕತಾಳೀಯ ಎಂದೂ ಹೇಳಬಹುದು. ಕಾಗದ ತಿರುಪಿದ್ದನ್ನು ಪೆಪ್ಪರಮಿಂಟು ನೋಡಿ ಕಲಿತಳು ಎನ್ನಬಹುದು. ಒಂದೊಂದನ್ನೇ ಬಿಡಿಸಿದರೆ ಬಿಡಿಸಬಹುದು, ಎಲ್ಲ ಒಟ್ಟಿಗೆ ಇಟ್ಟರೆ ನನ್ನ ಕೈ ಸೋಲುತ್ತದೆ.

ಮಾಘದಲ್ಲಿ ಒಮ್ಮೆ ತ್ಯಾಗಲಿಗೆ ಹೋಗಿದ್ದಾಗ ಗೋದಜ್ಜಿಯ ಮನೆಗೂ ಹೋದೆ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ, ಆ ಕನ್ನಡಕ ಹಾಕಿಕೊಂಡು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆ ಬಿಳಿ ಅಜ್ಜಿ ಮತ್ತೆ ಕಂಡಳೇ ಎಂದು ಮೆಲ್ಲಗೆ ಕೇಳಿದೆ.

"ಇಲ್ಲೆ. ಅದು ಮಗಳ ಜೊತೀಗೇ ವ್ಯಾನ್ ಹತ್ತಿ ಹೋತು" ಎಂದಳು, ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆಯುತ್ತ. ವ್ಯಾನು ಹೊರಟಾಗ ಗೋದಜ್ಜಿ ಅಲ್ಲಿರಲಿಲ್ಲ, ದಣಪೆ ದಾಟಿ ಮನೆಗೆ ಹೋಗಿಯಾಗಿತ್ತು.

ಗೋದಜ್ಜಿ ಈಗಿಲ್ಲ. ನಾನು ಇಂದಿಗೂ ದೆವ್ವದ ಕಥೆ ಹೇಳುವವರಿಗೆ ಹೆಸರು ಹೇಳಿ, ಊರು ಹೇಳಿ ಎಂದೇ ಕೇಳುತ್ತೇನೆ, ಚಾಳಿ ಹೋಗಿಲ್ಲ. ಯಾರಾದರೂ ನನ್ನನ್ನು ತಿರುಗಿ ಕೇಳಿದರೆ ಹೆಸರು ಗೋದಜ್ಜಿ, ಊರು ತ್ಯಾಗಲಿ ಎಂದು ಹೇಳಬಲ್ಲೆ. ಅದರಾಚೆ ನನಗೆ ಏನೂ ಗೊತ್ತಿಲ್ಲ. ಹೆಲೆನ್ ಖಾಲಿ ಜೇಬಿನಲ್ಲಿ ಬಂದಿದ್ದಳು, ಹಾಗೆ ಹೋಗಲಿಲ್ಲ ಎನ್ನುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.