ಬನ್ನಿ ಕೊಟ್ಟ ಮೇಲೆ

ಜೋರಾಪುರ ಪೇಟೆಯ ನಮ್ಮ ಓಣಿಯ ತುದಿಗೆ ಈಗ ಕಾರುಗಳು ನಿಲ್ಲುತ್ತವೆ. ಸಾಲಾಗಿ, ಚೆಂದಾಗಿ ನಿಲ್ಲುತ್ತವೆ. ಮಧ್ಯಾಹ್ನ ಅವುಗಳ ಬಾಗಿಲು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಅದಕ್ಕೇ ಅವುಗಳ ಮಾಲೀಕರು ಮೇಲೆ ತಗಡು ಹಾಕಿಸುವ ಮಾತಾಡುತ್ತಿದ್ದಾರೆ. ನೆರಳು ಬೇಕಂತೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಲ್ಲಿ ನೆರಳಿತ್ತು. ಅದನ್ನು ಬೆಳೆಸಿದವಳು ರಾಜಬಿ. ಆಕೆ ಈಗ ಗಂಡನನ್ನು ಕರೆದುಕೊಂಡು ಹೋಗಿ ತಿಕೋಟಾದಲ್ಲಿ ಮಗಳು ನಾಜಿಯಾಳ ಮನೆಯಲ್ಲಿದ್ದಾಳೆ.

ರಾಜಬಿಯ ಗಂಡ ಗೈಬುಸಾಬರು ಗಾದಿ ಮಾಡುವವರು. ಪೇಟೆಯ ಅರ್ಧ ಮಂದಿ ಅವರು ತುಂಬಿದ ಗಾದಿಯ ಮೇಲೆ ಮಲಗಿ ಗೊರಕೆ ಹೊಡೆದಿದ್ದಾರೆ. ಹತ್ತಿ ಹಿಂಜಿ ಹಿಂಜಿ ಅದರ ಧೂಳೆಲ್ಲ ಅವರ ಎದೆಯೊಳಗೆ ಕೂತಿತು. ಐವತ್ತು ದಾಟುವಷ್ಟರಲ್ಲಿ ಮಸೀದಿಯ ತನಕ ನಡೆದರೂ ಏದುಸಿರು. ಮನೆಯೋ ತಗಡಿನದು. ಬೇಸಿಗೆಯಲ್ಲಿ ಒಳಗೆ ಕೂತರೆ ರೊಟ್ಟಿಯ ಹಂಚಿನ ಮೇಲೆ ಕೂತಂತೆ. ಡಾಕ್ಟರು ಔಷಧಿ ಬರೆದುಕೊಟ್ಟು, “ಧೂಳಾಗ, ಝಳದಾಗ ಇಡಬ್ಯಾಡ್ರಿ. ಗಿಡದ ಕೆಳಗ ಕುಂಡ್ರಸ್ರಿ” ಅಂದರಂತೆ. ರಾಜಬಿ ಓಣಿಯೆಲ್ಲ ತಿರುಗಿ ನೋಡಿದಳು. ಕುಂಡ್ರಿಸಲಿಕ್ಕೆ ಒಂದು ಗಿಡವೂ ಇರಲಿಲ್ಲ.

ಇದ್ದದ್ದು ಒಂದು ಖುಲ್ಲಾ ಜಾಗ. ಹಿಂದೆ ಯಾರೋ ಸಾವಕಾರರು ಬಾವಿ ತೋಡಿಸಿ ಓಣಿಗೆಂದೇ ಬಿಟ್ಟುಹೋದದ್ದು. ಬಾವಿ ಬತ್ತಿತು, ಮುಚ್ಚಿದರು, ಆಮೇಲೆ ಎಲ್ಲರೂ ಕೂಡಿ ತಿಪ್ಪೆ ಮಾಡಿದರು. ರಾಜಬಿ ಮೂಗಿಗೆ ಸೆರಗು ಕಟ್ಟಿಕೊಂಡು ಆ ಕಸ ಎತ್ತಿದಳು. ತವರೂರು ಕಾಖಂಡಕಿಯಿಂದ ಬೇವಿನ ಸಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಅದಕ್ಕೂ ಅರ್ಧ ಟಿಕೀಟು ತಗೊಳ್ಳಬೇಕೆಂದು ಕಂಡಕ್ಟರ್ ಚಾಷ್ಟಿ ಮಾಡಿದನಂತೆ. ಬೇವಿನ ಹಿಂದೆ ಹೊಂಗೆ ಬಂತು, ನುಗ್ಗೆ ಬಂತು, ಕರಿಬೇವು ಬಂತು, ಗೋಡೆಯ ಬದಿಗೆ ಮದರಂಗಿಯ ಬೇಲಿ ಬಂತು.

ನೀರಿನದೇ ಚಿಂತೆ. ನಳದ ನೀರಿಗೆ ದಾರಿ ಕಾಯುವ ಓಣಿ ನಮ್ಮದು, ಗಿಡಕ್ಕೆ ಯಾರು ಕೊಡುತ್ತಾರೆ? ರಾಜಬಿ ಮನೆಮನೆಗೂ ಬಂದು ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಕೇಳಿದಳು. “ಗಟಾರಕ್ಕ ಚೆಲ್ಲೂದು ನನಗ ಕೊಡ್ರಿ, ಮತ್ತೇನೂ ಬ್ಯಾಡ” ಅಂದಳು. ಅಂದಿನಿಂದ ಪ್ರತಿ ಹೊಸ್ತಿಲ ಪಕ್ಕ ಒಂದು ಬಕೀಟು. ಬೆಳಿಗ್ಗೆ ಆಕೆ ಬಂದು ಎತ್ತಿಕೊಂಡು ಹೋಗಿ, ಗಿಡಕ್ಕೆ ಸುರಿದು, ಖಾಲಿ ಬಕೀಟನ್ನು ಬೋರಲು ಹಾಕಿ ಹೋಗುವಳು. ವರ್ಷಗಟ್ಟಲೆ ಹೀಗೇ ನಡೆಯಿತು. ಬೇಳೆ ತೊಳೆದ ನೀರು ಕೊಟ್ಟಿದ್ದಕ್ಕೇ ನಾವೆಲ್ಲ ತೋಟ ಮಾಡಿದವರ ಹಾಗೆ ಬೀಗುತ್ತಿದ್ದೆವು.

ಗಿಡಗಳು ಮಾಳಿಗೆಯ ಎತ್ತರಕ್ಕೆ ಬಂದ ಮೇಲೆ ಓಣಿಯ ನಡೆಯೇ ಬದಲಾಯಿತು. ಗೈಬುಸಾಬರು ಬೆಳಿಗ್ಗೆ ಚಹಾ ಕುಡಿದು ಬೇವಿನ ಕೆಳಗೆ ಬಂದು ಕೂತರೆ ಸಂಜೆಯ ತನಕ ಅಲ್ಲೇ. ಎದೆಯ ಗೊರಗೊರ ಸದ್ದು ಇಳಿಯಿತು. ಕೂತಲ್ಲೇ ಸಣ್ಣ ದಿಂಬು ಹೊಲಿಯಲಿಕ್ಕೂ ಶುರುಮಾಡಿದರು. ಕಾಯಿಪಲ್ಲೆಯವಳು ಬುಟ್ಟಿ ಇಳಿಸುವುದು ಅಲ್ಲಿ, ಮಕ್ಕಳು ಸಾಲಿಯ ಅಭ್ಯಾಸ ಮಾಡುವುದು ಅಲ್ಲಿ. ಗಿಡಗಳ ಪಕ್ಕದ ಮನೆಗಳಲ್ಲಿ ಧೂಳು ಕಡಿಮೆ, ಮೇ ತಿಂಗಳಲ್ಲೂ ಕಿಟಕಿ ತೆರೆದಿಡಬಹುದು. ಹಾಗೆ ಎಲ್ಲಕ್ಕಿಂತ ಹೆಚ್ಚು ಸುಖ ಉಂಡ ಮನೆ ಮಲ್ಲಿಕಾರ್ಜುನನದು. ಗಿಡಗಳಿಗೆ ಅಂಟಿಕೊಂಡೇ ಇದೆ ಅದು. ಅವನ ತಾಯಿ ಹುಲಿಗೆವ್ವ ಮೊಣಕಾಲು ನೋವಿನವಳು. ಮನೆಯ ಮೂಲೆ ಬಿಟ್ಟು ಹೊರಗೆ ಬಂದು ನಾಲ್ಕು ಮಂದಿಯ ಮುಖ ನೋಡಿದ್ದು ಆ ನೆರಳಿನಿಂದ.

ಹುಲಿಗೆವ್ವನ ಆಸೆಯಂತೆಯೇ ರಾಜಬಿ ಒಂದು ಬನ್ನಿಯ ಗಿಡವನ್ನೂ ಹಚ್ಚಿದ್ದಳು. ದಸರಾಕ್ಕೆ ಬನ್ನಿ ಮುರಿಯಲು ಮುದುಕಿ ದೂರ ಹೋಗಲಾರಳು ಎಂದು. ಅದು ಬೆಳೆದ ಮೇಲೆ ಇಡೀ ಓಣಿಗೆ, ಬಂಗಾರವೆಂದು ಹಂಚುವ ಬನ್ನಿ ಎಲೆ ಅಲ್ಲಿಂದಲೇ.

ಮಲ್ಲಿಕಾರ್ಜುನ, ಅಂದರೆ ನಮ್ಮ ಮಲ್ಲು, ಸರಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದಾನೆ. ರಾಜಬಿಗೆ ಯಕ್ಕಾ, ಗೈಬುಸಾಬರಿಗೆ ಮಾಮಾ ಅನ್ನುತ್ತಿದ್ದ. ಅವನ ಮದುವೆಗೆ ಮದರಂಗಿ ಅರೆದುಕೊಟ್ಟವಳು ಆಕೆ. ಹೋದ ವರ್ಷ ಅವನು ಕಾರು ತಗೊಂಡ. ತಗೊಂಡ ಮೇಲೆ ಅದನ್ನು ನಿಲ್ಲಿಸಲು ಜಾಗವಿಲ್ಲ ಎಂಬುದು ತಿಳಿಯಿತು. ನಮ್ಮ ಕಡೆಯ ಶಾಣ್ಯಾರು ಹೀಗೇ. ಒಂದು ಸಂಜೆ ಬಂದು, ಗಿಡ ತೆಗೆದು ಪೇವರ್ ಹಾಕಿಸೋಣ ಎಂದ. ರಾಜಬಿ ಆಗುವುದಿಲ್ಲ ಅಂದಳು. ಮಾತಿಗೆ ಮಾತು ಬೆಳೆಯಿತು.

“ಈ ಜಾಗಾ ಓಣೀದು ಯಕ್ಕಾ. ನೀರ ಹಾಕಿದ್ರ ನಿಮ್ದ ಆಗೂದಿಲ್ಲ” ಎಂದು ಎಲ್ಲರೆದುರು ಅಂದುಬಿಟ್ಟ.

ರಾಜಬಿ ಒಳಗೆ ಹೋದಳು. ಅಲ್ಲಿಂದ ಎರಡು ಮನೆಯ ನಡುವೆ ಮಾತು ನಿಂತಿತು. ಮಲ್ಲುವಿನ ಹೊಸ್ತಿಲ ಬಕೀಟನ್ನು ಮಾತ್ರ ಆಕೆ ಬಿಡಲಿಲ್ಲ, ತಲೆ ತಗ್ಗಿಸಿಕೊಂಡು ಎತ್ತಿ ತರುತ್ತಿದ್ದಳು.

ದಸರಾ ಬಂತು. ಸಂಜೆ ಮಲ್ಲು ಹೊಸ ಅಂಗಿ ತೊಟ್ಟು ರಾಜಬಿಯ ಬಾಗಿಲಿಗೆ ಬಂದ. ನಾನು ಆಗ ಅಲ್ಲೇ ಇದ್ದೆ. ಗೈಬುಸಾಬರ ಕಾಲು ಮುಟ್ಟಿ ಅವರ ಕೈಯಲ್ಲಿ ಬನ್ನಿ ಇಟ್ಟ. ಆಮೇಲೆ ರಾಜಬಿಯ ಕೈಯಲ್ಲಿಟ್ಟ.

“ಬಂಗಾರ ತಗೊಂಡು ಬಂಗಾರದ್ಹಂಗ ಇರೂಣ್ರಿ ಯಕ್ಕಾ” ಅಂದ.

ರಾಜಬಿಯ ಕಣ್ಣು ತುಂಬಿತು. ಅವನನ್ನು ಕೂರಿಸಿ ಚಹಾ ಕೊಟ್ಟಳು. ನಮ್ಮ ಕಡೆ ಬನ್ನಿ ಕೊಟ್ಟರೆ ಜಗಳ ಮುಗಿದಂತೆಯೇ. ಯಾರದು ತಪ್ಪು, ಮುಂದೇನು ಎಂದು ಯಾರೂ ಕೆದಕುವುದಿಲ್ಲ. ಕೆದಕಿದರೆ ಕೊಟ್ಟ ಬನ್ನಿಗೇ ಅವಮಾನ. ಗಿಡದ ವಿಷಯ ಏನು ಮಾಡಿದಿರಿ ಎಂದು ನಾನೇ ಮರುದಿನ ಕೇಳಿದೆ.

“ಬನ್ನಿ ಕೊಟ್ಟಾನಲ್ಲ ಗೀತಾ, ಮತ್ತೇನ ಕೇಳೂದು” ಎಂದು ನನಗೇ ಗದರಿದಳು.

ಅದಾದ ವಾರಕ್ಕೆ ಕನಮಡಿಯಲ್ಲಿ ಆಕೆಯ ತಂಗಿಯ ಮಗಳ ನಿಕಾಹ. ಗಂಡಹೆಂಡತಿ ಹೊರಟು ನಿಂತರೆ ಮಲ್ಲು ತಾನೇ ಮುಂದೆ ಬಂದು ಕಾರಿನಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟ. “ನಾಕ ದಿನಾ ಆರಾಮ ಇದ್ದು ಬರ್ರಿ. ಗಿಡಕ್ಕ ನೀರ ನಾ ಹಾಕತೇನಿ” ಅಂದನಂತೆ.

ಮರುದಿನ ನಾನು ಕಚೇರಿಯಿಂದ ಬರುವಾಗ ದೂರದಿಂದಲೇ ಮಷೀನಿನ ಸದ್ದು. ಓಣಿಯ ತುದಿ ಬಯಲಾಗಿ ಕಂಡಿತು. ಬೇವು ನೆಲಕ್ಕೆ ಬಿದ್ದಿತ್ತು. ಮದರಂಗಿಯನ್ನು ಬೇರು ಸಮೇತ ಕಿತ್ತು ಗುಡ್ಡೆ ಹಾಕಿದ್ದರು. ಹೊಂಗೆಯ ಬುಡಕ್ಕೆ ಗರಗಸ ಹಚ್ಚಿದ್ದರು. ಮಲ್ಲು ನಡುವೆ ನಿಂತು ಇತ್ತ ಬೀಳಿಸಿ, ಅತ್ತ ಬೀಳಿಸಿ ಎನ್ನುತ್ತಿದ್ದ. ನಾನು ಬಾಯಿಗೆ ಬಂದಂತೆ ಬೈದೆ.

“ಸುಮ್ನ ಬಾಯಿ ಮಾಡಬ್ಯಾಡ್ರಿ ಮೇಡಮ್ಮಾರ. ಓಣಿ ಮಂದಿ ಎಲ್ಲಾ ಒಪ್ಪ್ಯಾರ. ಖಂಡೇಪೂಜಿ ದಿನಾನ ನಮ್ಮ ಮನ್ಯಾಗ ಮಾತ ಆಗೇತಿ” ಅಂದ.

ಖಂಡೇಪೂಜೆ, ಅಂದರೆ ಆಯುಧಪೂಜೆ, ಬನ್ನಿ ಕೊಡುವ ಹಿಂದಿನ ದಿನ. ಕಾರಿಗೆ ಹಾರ ಹಾಕಿ, ಪೂಜೆಗೆಂದು ಎಲ್ಲರನ್ನೂ ಕರೆದಿದ್ದ. ರಾಜಬಿಯ ಮನೆಯನ್ನೂ ನನ್ನ ಮನೆಯನ್ನೂ ಬಿಟ್ಟು. ನನ್ನ ಬಾಯಿ ದೊಡ್ಡದು ಎಂದು ಎಲ್ಲರಿಗೂ ಗೊತ್ತು. ಒಪ್ಪಿದವರಲ್ಲಿ ನಮ್ಮವರು, ರಾಜಬಿಯ ಕಡೆಯವರು ಎಂಬ ಭೇದ ಇರಲಿಲ್ಲ. ನಮ್ಮ ಓಣಿಯ ರಿಜ್ವಾನನೂ ಒಂದು ಹಳೇ ಕಾರು ನೋಡಿಟ್ಟಿದ್ದ. ಆ ವಾರವಿಡೀ ಅವರೆಲ್ಲರ ಹೊಸ್ತಿಲಲ್ಲೂ ದಿನಾ ಬಕೀಟು ಇದ್ದೇ ಇತ್ತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ಬನ್ನಿಯೊಂದನ್ನು ಮಾತ್ರ ಬಿಟ್ಟಿದ್ದರು. ಅದಕ್ಕೆ ಕೊಡಲಿ ಹಾಕಿದರೆ ದೋಷ ಎಂದು ಹುಲಿಗೆವ್ವ ಬಾಗಿಲಲ್ಲಿ ಕೂತು ಹಟ ಹಿಡಿದಿದ್ದಳಂತೆ. ಬೇವಿಗೆ ಹಾಕಿದರೆ ಏನೂ ಇಲ್ಲವಂತೆ.

ನಾನು ಅಲ್ಲಿಂದಲೇ ರಾಜಬಿಗೆ ಫೋನು ಹಚ್ಚಿದೆ. ಆ ಕಡೆ ಮದುವೆ ಮನೆಯ ಗದ್ದಲ.

“ಅಕ್ಕಾ, ಗಿಡಾ ಕಡ್ಯಾಕತ್ತಾರ್ರಿ” ಅಂದೆ.

“ಯಾರ? ಲಗೂನ ಮಲ್ಲೂನ ಕರೀ ಗೀತಾ. ನೀರ ಹಾಕಾಕ ಅಂವ ಅಲ್ಲೇ ಬಂದಿರತಾನ. ಅಂವಗ ಹೇಳು, ತಡೀತಾನ.”

ಮಲ್ಲು ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. “ಅಂವನ ಕಡಸಾಕತ್ತಾನ್ರಿ ಅಕ್ಕಾ” ಅಂದೆ. ಫೋನು ಕಟ್ಟಾಯಿತು.

ಮರುದಿನ ಮೊದಲ ಬಸ್ಸಿಗೇ ಇಬ್ಬರೂ ಬಂದರು. ಅಷ್ಟರಲ್ಲಿ ರಾತ್ರಿಯೆಲ್ಲ ಕೆಲಸ ನಡೆಸಿ ಅರ್ಧ ಜಾಗಕ್ಕೆ ಪೇವರ್ ಕೂರಿಸಿ ಆಗಿತ್ತು. ಕಲ್ಲಿನ ಪುಡಿಯ ಧೂಳಿಗೆ ಗೈಬುಸಾಬರಿಗೆ ಕೆಮ್ಮು ಹತ್ತಿತು. ರಾಜಬಿ ಅವರ ಬೆನ್ನು ಸವರುತ್ತ ನಿಂತಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಓಣಿಯ ಮಂದಿ ಒಬ್ಬೊಬ್ಬರೇ ಬಾಗಿಲ ಮರೆಗೆ ಸರಿದರು. ಮಲ್ಲುವಿಗೆ ಮಾತ್ರ ಸರಿಯಲು ಜಾಗವಿರಲಿಲ್ಲ.

“ಬನ್ನಿ ಕೊಡುಮುಂದ ಇದು ಗೊತ್ತಿತ್ತೇನ ತಮ್ಮಾ ನಿನಗ?” ಎಂದು ಕೇಳಿದಳು.

ಅವನು ನೆಲ ನೋಡಿದ. “ಆವಾಗ ಹೇಳಿದ್ರ ನೀವು ಊರಿಗೆ ಹೋಗ್ತಿರಲಿಲ್ಲ ಯಕ್ಕಾ” ಅಂದ.

“ಹೌದು, ಹೋಗ್ತಿರಲಿಲ್ಲ” ಅಂದಳು ರಾಜಬಿ. ಆಕೆಯ ದನಿ ಏರಲಿಲ್ಲ. “ಬನ್ನಿ ತಗೊಂಡ ದಿನಾನ ನಾನು, ನಿಮ್ಮ ಮಾಮಾ ಕುಂತು ಮಾತಾಡಿದ್ವಿ. ಮದರಂಗಿ ಬಾಜೂದ ಜಾಗಾ ಬಿಡಿಸಿ ನಿನ್ನ ಗಾಡಿಗೆ ಕೊಡೂಣು ಅಂತ. ನುಗ್ಗೀದೂ ತಗದ್ರ ಸಲೀಸಾಗಿ ನಿಂದರತೈತಿ ಅಂತ ನಿಮ್ಮ ಮಾಮಾರ ಹೇಳಿದ್ರು.”

ಮಲ್ಲು ಮುಖ ಎತ್ತಿದ. “ಇದನ್ನ ಅವತ್ತ ಹೇಳಬಾರದಾಗಿತ್ತೇನ್ರಿ?”

“ಲಗ್ನಾ ಮುಗಿಸಿ ಬಂದು ಹೇಳೂಣು ಅಂತಿದ್ದೆ. ನೀ ಬನ್ನಿ ಕೊಟ್ಟಿದ್ದಿ, ಅವಸರಾ ಏನೈತಿ ಅಂದ್ಕೊಂಡೆ.”